ಎಡಗಡೆಯ ಮೊದಲ ಸೀಸೆ

ಚರ್ಮದ ಕ್ಲಿನಿಕ್ಕಿನಲ್ಲಿ ಆಯುಧ ಪೂಜೆ ಮಾಡಬೇಕೆಂದರೆ ಯಾವುದನ್ನು ಆಯುಧ ಎಂದುಕೊಳ್ಳಬೇಕು? ಬಸವೇಶ್ವರನಗರದ ಡಾಕ್ಟರ್ ಹೇಮಶ್ರೀಯವರ ಕ್ಲಿನಿಕ್ಕಿನಲ್ಲಿ ಅದನ್ನು ತೀರ್ಮಾನಿಸುವ ಅಧಿಕಾರ ಪೂರ್ತಿಯಾಗಿ ಆಯಾ ಬಸವ್ವನದು. ಬಸವ್ವ ಹಾವೇರಿ ಕಡೆಯವಳು, ಅರವತ್ತರ ಹತ್ತಿರ ಬಂದವಳು, ಯಾವ ಕೆಲಸವನ್ನೂ ಅರೆಬರೆ ಮಾಡುವ ಜಾಯಮಾನದವಳಲ್ಲ. ಲೇಸರ್ ಯಂತ್ರಕ್ಕೆ ಹೂವು ಏರಿಸಿದಳು. ಮಲಗಿಸುವ ಮಂಚಕ್ಕೆ, ಅದರ ತಲೆಯ ಮೇಲಿನ ದೀಪಕ್ಕೆ, ಕತ್ತರಿ ಚಿಮಟಗಳಿಗೆ, ಕೊನೆಗೆ ಅಪಾಯಿಂಟ್‌ಮೆಂಟ್ ಬರೆಯುವ ಕಂಪ್ಯೂಟರಿಗೂ ಕುಂಕುಮ ಇಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗಾಜಿನ ಕಪಾಟಿನಲ್ಲಿ ತಮ್ಮ ಪಾಡಿಗೆ ತಾವಿದ್ದ ಮೂರು ಕಂದು ಸೀಸೆಗಳನ್ನೂ ಹೊರಗೆ ತೆಗೆದು, ಒರೆಸಿ, ಮಣೆಯ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಮೂರು ಬೆರಳಿನಲ್ಲಿ ದಪ್ಪಗೆ ವಿಭೂತಿ ಎಳೆದಳು.

"ಖರೇ ಆಯುಧ ಅಂದ್ರ ಇವ ನೋಡ್ರಿ," ಎಂದಳು. "ಯಾರೂ ಒರಸಬ್ಯಾಡ್ರಿ ಮತ್ತ. ತಾನ ಹೋಗೂ ತನಕ ಇರ್ಬೇಕದು."

ರಮ್ಯಶ್ರೀ ನಕ್ಕು ಕೈಮುಗಿದಳು. ಅವಳು ಆ ಕ್ಲಿನಿಕ್ಕಿನ ಥೆರಪಿಸ್ಟ್. ಡಾಕ್ಟರ್ ನೋಡಿ ಇಂಥದ್ದು ಮಾಡು ಎಂದು ಬರೆಯುತ್ತಾರೆ, ಮುಖಕ್ಕೆ ಕೈಯಿಟ್ಟು ಮಾಡುವವಳು ಇವಳು. ಐದು ವರ್ಷದಿಂದ ಇದೇ ಕೆಲಸ. ಪಿಯುಸಿಯಲ್ಲಿದ್ದಾಗ ಅವಳ ಮುಖದ ತುಂಬ ಮೊಡವೆ. ಅದನ್ನು ಚಿವುಟಿ, ಹಿಸುಕಿ, ಕಂಡವರು ಹೇಳಿದ ಟ್ಯೂಬನ್ನೆಲ್ಲ ತಿಕ್ಕಿ ಎರಡು ಕೆನ್ನೆಯಲ್ಲೂ ಸಣ್ಣ ಸಣ್ಣ ಗುಂಡಿ ಮಾಡಿಕೊಂಡಿದ್ದಳು. ಈಗಲೂ ಬೆಳಿಗ್ಗೆ ಅದರ ಮೇಲೆ ಎರಡು ಪದರ ಬಣ್ಣ ಬಳಿಯದೆ ಅವಳು ಹೊರಗೆ ಕಾಲಿಡುವುದಿಲ್ಲ. ಹಾಗಾಗಿ ಕಲೆಯ ಮುಖ ಹೊತ್ತು ಬರುವ ಹುಡುಗಿಯರ ಸಂಕಟ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಮೂರು ಸೀಸೆಗಳಲ್ಲಿ ಇದ್ದದ್ದು ಆಸಿಡ್. ಕ್ಲಿನಿಕ್ಕಿನಲ್ಲಿ ಆ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪೀಲ್ ಎನ್ನುತ್ತಾರೆ. ಕೇಳುವುದಕ್ಕೆ ಹಣ್ಣು ಸುಲಿದಷ್ಟು ಹಗುರ. ಹದವಾದದ್ದನ್ನು ಮುಖಕ್ಕೆ ಹಚ್ಚಿ, ಮೂರು ನಿಮಿಷ ಬಿಟ್ಟು, ಸೋಡಾ ಬೆರೆಸಿದ ನೀರಿನಿಂದ ಅದರ ಕಾವು ಇಳಿಸಿ ತೆಗೆದರೆ, ಮೇಲಿನ ಚರ್ಮ ನಾಲ್ಕು ದಿನದಲ್ಲಿ ಹೊಟ್ಟಿನಂತೆ ಉದುರಿ ಮೊಡವೆ ಬಿಟ್ಟುಹೋದ ಕಪ್ಪು ಕಲೆ ಒಂದು ಸುತ್ತು ತಿಳಿಯಾಗುತ್ತದೆ. ಶೇಕಡಾ ಮೂವತ್ತೈದರ ಸೀಸೆ, ಐವತ್ತರದು, ಎಪ್ಪತ್ತರದು; ಅಂಕಿ ಏರಿದಷ್ಟೂ ಖಾರ. ಒಳಗಿರುವುದು ಮೂರರಲ್ಲೂ ನೀರಿನ ಹಾಗೆಯೇ ಕಾಣುತ್ತದೆ. ಬಿಳಿ ಪಟ್ಟಿಯ ಮೇಲೆ ರಮ್ಯಶ್ರೀಯೇ ಅಂಕಿ ಬರೆದು ಅಂಟಿಸಿದ್ದಳು. ಆದರೆ ಅಂಕಿ ನೋಡುವ ಅಭ್ಯಾಸ ಅವಳಿಗೆ ಎಂದೋ ತಪ್ಪಿಹೋಗಿತ್ತು. ಎಡಗಡೆಯಿಂದ ಮೊದಲನೆಯದು ಮೂವತ್ತೈದು, ಕೊನೆಯದು ಎಪ್ಪತ್ತು. ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಕ್ಕೆ ನಾವು ಹೇಗೆ ಕೈ ಹಾಕುತ್ತೇವೋ ಹಾಗೆ ಅವಳ ಕೈ ತಾನಾಗಿ ಹೋಗುತ್ತಿತ್ತು. ಎಪ್ಪತ್ತರದ್ದನ್ನು ಡಾಕ್ಟರ್ ಒಬ್ಬರೇ ಮುಟ್ಟಬೇಕು, ಅದೂ ಹಳೆಯ ಆಳದ ಗುಂಡಿಗಳಿಗೆ, ಅದೂ ಒಂದೇ ನಿಮಿಷ.

ಪೂಜೆ ಮುಗಿದ ಮೇಲೆ ಬಸವ್ವ ಸೀಸೆಗಳನ್ನು ವಾಪಸ್ ಕಪಾಟಿಗೆ ಇಟ್ಟಳು. ಮಣೆಯ ಎದುರು ಬದಿಯಲ್ಲಿ ನಿಂತು ಒಂದೊಂದಾಗಿ ಎತ್ತಿಟ್ಟಿದ್ದರಿಂದ ಸಾಲು ತಿರುವುಮುರುವಾಗಿದ್ದು ಅವಳಿಗೆ ಗೊತ್ತಾಗಲಿಲ್ಲ. ಪಾಪ, ಗೊತ್ತಾಗಬೇಕು ಎಂದು ಅವಳಿಗೆ ಯಾರೂ ಹೇಳಿಯೂ ಇರಲಿಲ್ಲ.

ವಿಜಯದಶಮಿಗೆ ಕ್ಲಿನಿಕ್ ಮುಚ್ಚಿತ್ತು. ಮರುದಿನ ಶುಕ್ರವಾರ ಬಾಗಿಲು ತೆಗೆದಾಗ ಡಾಕ್ಟರ್ ಹೇಮಶ್ರೀ ದಾವಣಗೆರೆಯ ತವರಿನಲ್ಲಿದ್ದರು. ಫೋನ್ ಮಾಡಿ, "ಹನ್ನೊಂದಕ್ಕೆ ಅನು ಬರ್ತಾಳೆ. ಐದನೇ ಸಿಟ್ಟಿಂಗು. ಹೋದ ಸಲದ್ದೇ ರಿಪೀಟ್ ಮಾಡಿ ಕಳಿಸು," ಎಂದರು.

ಅನುವಿಗೆ ಇಪ್ಪತ್ತೆರಡು. ಚಂದ್ರಾ ಲೇಔಟಿನ ಹುಡುಗಿ, ಎಂ.ಕಾಂ. ಓದುತ್ತಿದ್ದಾಳೆ. ಕೊರೊನಾ ಹೋಗಿ ಊರೆಲ್ಲ ಮಾಸ್ಕ್ ಬಿಸಾಡಿದ ಮೇಲೂ ಇವಳೊಬ್ಬಳು ಬಿಟ್ಟಿರಲಿಲ್ಲ. ಡಿಗ್ರಿಯ ಮೂರೂ ವರ್ಷ ಹಾಗೆಯೇ ಕಳೆದಳು, ಕೇಳಿದವರಿಗೆ ಧೂಳಿನ ಅಲರ್ಜಿ ಎಂದಳು. ಕ್ಯಾಂಟೀನಿನಲ್ಲಿ ಊಟ ಮಾಡಬೇಕಾಗುತ್ತದೆಂದು ಮಧ್ಯಾಹ್ನ ಉಪವಾಸ ಇರುತ್ತಿದ್ದಳಂತೆ. ನಾಲ್ಕನೇ ಸಿಟ್ಟಿಂಗ್ ಆದ ಮೇಲೆ ಒಂದು ದಿನ ಕಾಲೇಜಿನಿಂದ ನೇರ ಕ್ಲಿನಿಕ್ಕಿಗೆ ಬಂದು, ಬರಿಯ ಮುಖದಲ್ಲಿ ಬಾಗಿಲಲ್ಲಿ ನಿಂತು, "ಅಕ್ಕಾ, ಇವತ್ತು ಎಲ್ಲರ ಜೊತೆ ಕೂತ್ಕೊಂಡು ಮಸಾಲೆ ದೋಸೆ ತಿಂದೆ," ಎಂದಿದ್ದಳು. ಅವತ್ತು ರಮ್ಯಶ್ರೀಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಶುಕ್ರವಾರ ಅನುವನ್ನು ಮಲಗಿಸಿ, ಕೂದಲಿಗೆ ಪಟ್ಟಿ ಕಟ್ಟಿ, ಮುಖ ಒರೆಸಿ, ರಮ್ಯಶ್ರೀ ಕಪಾಟಿಗೆ ಕೈ ಹಾಕಿದಳು. ಎಡಗಡೆಯ ಮೊದಲ ಸೀಸೆ. ಪಟ್ಟಿಯ ಮೇಲೆ ವಿಭೂತಿ ಗಟ್ಟಿಯಾಗಿ ಕೂತಿತ್ತು, ಅಂಕಿ ಕಾಣುತ್ತಿರಲಿಲ್ಲ. ಹೆಬ್ಬೆರಳು ಅದರ ಹತ್ತಿರ ಹೋಯಿತು. ದೇವರ ಮುಂದೆ ಹಚ್ಚಿದ್ದನ್ನು ಹೇಗೆ ಒರೆಸುವುದು ಎನಿಸಿತು. ಬಸವ್ವ ಬೇರೆ ಅಲ್ಲೇ ನೆಲ ಒರೆಸುತ್ತಿದ್ದಳು. ಹೇಗೂ ಮೊದಲನೆಯದು ಮೂವತ್ತೈದೇ ತಾನೆ! ಬಟ್ಟಲಿಗೆ ಬಗ್ಗಿಸಿಕೊಂಡು, ಅಗಲ ಕುಂಚ ಅದ್ದಿ, ಹಣೆಯಿಂದ ಶುರುಮಾಡಿ ಎರಡು ಕೆನ್ನೆ, ಗಲ್ಲ ಎಲ್ಲ ಬಳಿದು ಗಡಿಯಾರ ಒತ್ತಿದಳು.

ಪೀಲ್ ಹಚ್ಚಿದಾಗ ಉರಿ ಹತ್ತಕ್ಕೆ ಎಷ್ಟು ಎಂದು ಕೇಳುವುದು ಪದ್ಧತಿ. ಅನು ಯಾವಾಗಲೂ ಮೂರು, ತಪ್ಪಿದರೆ ನಾಲ್ಕು ಎನ್ನುತ್ತಿದ್ದಳು.

"ಎಷ್ಟು ಅನು?"

"ಏಳು ಅಕ್ಕಾ."

"ಹಬ್ಬದ ಹೋಳಿಗೆ ತಿಂದು ಮೆತ್ತಗಾಗ್ಬಿಟ್ಟಿದೀಯ. ತಡ್ಕೋ, ಒಂದು ನಿಮಿಷ ಆಯ್ತಷ್ಟೆ," ಎಂದು ರಮ್ಯಶ್ರೀ ಪುಟ್ಟ ಫ್ಯಾನನ್ನು ಅವಳ ಮುಖದ ಹತ್ತಿರ ಹಿಡಿದಳು.

"ಅಕ್ಕಾ, ಒಂಬತ್ತು. ನಿಜವಾಗ್ಲೂ ತುಂಬಾ ಉರೀತಿದೆ." ಅನುವಿನ ಕಾಲ ಬೆರಳುಗಳು ಮಡಚಿಕೊಂಡವು.

ರಮ್ಯಶ್ರೀ ದೀಪವನ್ನು ಹತ್ತಿರ ಎಳೆದಳು. ಕೆನ್ನೆ ಕೆಂಪಾಗಿತ್ತು, ಅದು ಸರಿ. ಆದರೆ ಕೆಂಪಿನ ನಡುವೆ, ಮೂಗಿನ ಪಕ್ಕದಲ್ಲಿ, ಒಂದು ಬಿಳಿಯ ಚುಕ್ಕೆ ಎದ್ದಿತ್ತು. ನೋಡುತ್ತಿದ್ದಂತೆಯೇ ಅದು ರೂಪಾಯಿಯಗಲ ಆಯಿತು. ಬಲಗೆನ್ನೆಯಲ್ಲಿ ಇನ್ನೊಂದು, ಗಲ್ಲದ ಮೇಲೆ ಮತ್ತೊಂದು. ಹೀಗೆ ಬೆಳ್ಳಗಾಯಿತೆಂದರೆ ಆಸಿಡ್ ಮೇಲಿನ ಚರ್ಮ ದಾಟಿ ಕೆಳಗಿಳಿದಿದೆ ಎಂದು ತರಬೇತಿಯಲ್ಲಿ ಚಿತ್ರ ತೋರಿಸಿ ಹೇಳಿದ್ದರು. ಚಿತ್ರದಲ್ಲಲ್ಲದೆ ಬೇರೆಲ್ಲೂ ಅವಳು ಅದನ್ನು ನೋಡಿರಲಿಲ್ಲ. ಸೋಡಾ ನೀರಿನ ಬಟ್ಟಲನ್ನು ಎತ್ತಿಕೊಂಡು, ಹತ್ತಿ ಅದ್ದುವ ವ್ಯವಧಾನವೂ ಇಲ್ಲದೆ, ಕೈಯಲ್ಲೇ ಮೊಗೆದು ಮೊಗೆದು ಹಾಕಿದಳು. ಅದು ಎಂದೂ ಇಲ್ಲದಷ್ಟು ನೊರೆಯೆದ್ದು ಚುಸ್ ಎಂದು ಸದ್ದು ಮಾಡಿತು. ಅನು ಕೂಗಿಕೊಂಡಳು. ಬಸವ್ವ ಒರೆಸುವ ಬಟ್ಟೆ ಬಿಟ್ಟು ಓಡಿಬಂದಳು.

"ತಣ್ಣೀರು ತಗೊಂಡ್ಬಾ ಬಸವ್ವ, ಐಸ್ ಹಾಕಿ ತಗೊಂಡ್ಬಾ!"

ಅರ್ಧ ಗಂಟೆ ತಣ್ಣೀರಿನ ಬಟ್ಟೆ ಹಾಕಿದ ಮೇಲೆ ಉರಿ ಆರಕ್ಕೆ ಇಳಿಯಿತು. ಆ ನಡುವೆ ಒಮ್ಮೆ ರಮ್ಯಶ್ರೀ ಕಪಾಟಿನ ಕಡೆ ತಿರುಗಿ, ಅನುವಿಗೆ ಬೆನ್ನು ಮಾಡಿ, ಆ ಸೀಸೆಯ ವಿಭೂತಿಯನ್ನು ಉಗುರಿನಲ್ಲಿ ಕೆರೆದಳು. ಕೆಳಗೆ ಅವಳದೇ ದುಂಡು ಅಕ್ಷರದಲ್ಲಿ ಎಪ್ಪತ್ತು ಎಂದಿತ್ತು. ಸೀಸೆಯನ್ನು ಕಪಾಟಿನ ಹಿಂಬದಿಗೆ ತಳ್ಳಿ ಬಾಗಿಲು ಹಾಕಿದಳು.

"ಕನ್ನಡಿ ಕೊಡಿ ಅಕ್ಕಾ," ಎಂದಳು ಅನು.

ಕೊಡದೆ ಇರುವಂತಿರಲಿಲ್ಲ. ಅನು ನೋಡಿಕೊಂಡಳು. ಕೆಂಡದ ಕೆಂಪು, ನಡುನಡುವೆ ಬೂದು ಬಿಳಿ. ಕನ್ನಡಿಯಿಂದ ತಲೆಯೆತ್ತಿ ಅವಳು ರಮ್ಯಶ್ರೀಯ ಮುಖವನ್ನೇ ನೋಡಿದಳು. ಅಲ್ಲಿ ಏನು ಕಾಣುತ್ತದೋ ಅದನ್ನೇ ನಂಬುತ್ತೇನೆ ಎನ್ನುವ ಹಾಗಿತ್ತು ಆ ನೋಟ.

"ಈ ಸಲ ಸ್ವಲ್ಪ ಡೀಪಾಗಿ ಹೋಗಿದೆ," ಎಂದು ರಮ್ಯಶ್ರೀಯ ಬಾಯಿ ಹೇಳಿತು. "ಒಳ್ಳೇದೇ. ರಿಸಲ್ಟ್ ಚೆನ್ನಾಗಿ ಬರುತ್ತೆ."

ಎಂದಿನಂತೆ ಮುದ್ರಿಸಿದ ಚೀಟಿಯನ್ನೂ ಕೈಗಿತ್ತು ಕಳಿಸಿದಳು. ಬಿಸಿಲಿಗೆ ಹೋಗಬೇಡಿ, ಕೀಳಬೇಡಿ, ಸೋಪು ಹಾಕಬೇಡಿ, ಹೀಗೆ ಏಳೆಂಟು ಸಾಲು. ಕಳಿಸಿದ ಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ಮೊಬೈಲಿಗೆ ಅನುವಿನ ಫೋಟೋ ಬಂತು. ಬಿಳಿ ಇದ್ದ ಕಡೆಯೆಲ್ಲ ಈಗ ಕಂದು. ಹಂಚಿನ ಮೇಲೆ ಮರೆತ ದೋಸೆಯ ಬಣ್ಣ. ಎಡಗೆನ್ನೆಯ ಮಚ್ಚೆ ಮೂಗಿನಿಂದ ಕಿವಿಯವರೆಗೂ ಹಬ್ಬಿತ್ತು. ಕೆಳಗೆ, "ಅಕ್ಕಾ ಇದು ನಾರ್ಮಲ್ ತಾನೆ?"

ರಮ್ಯಶ್ರೀ ಆ ಪ್ರಶ್ನೆಯನ್ನು ಇಪ್ಪತ್ತು ಸಲ ಓದಿರಬೇಕು. ನಿಜ ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದಳು. ಹುಡುಗಿಯ ಮನೆಯವರು ಕ್ಲಿನಿಕ್ಕಿಗೆ ನುಗ್ಗುತ್ತಾರೆ. ಪೊಲೀಸರು ಬರುತ್ತಾರೆ. ಮುಖಕ್ಕೆ ಆಸಿಡ್ ಹಾಕಿದಳು ಎಂದೇ ಬರೆದುಕೊಳ್ಳುತ್ತಾರೆ, ಸುಳ್ಳೇನಲ್ಲವಲ್ಲ. ಇನ್ನು ಯಾವ ಕ್ಲಿನಿಕ್ಕಿನಲ್ಲಿಯೂ ತನ್ನನ್ನು ಹತ್ತಿರ ಸೇರಿಸುವುದಿಲ್ಲ. ಹೀಗೆ ತನ್ನ ಭಯವನ್ನೆಲ್ಲ ಒಂದೊಂದಾಗಿ ಎಣಿಸಿದವಳಿಗೆ ಆ ಕಡೆ ಮೊಬೈಲ್ ಹಿಡಿದು ಉತ್ತರಕ್ಕೆ ಕಾಯುತ್ತಿರುವವಳ ಭಯ ಎಣಿಕೆಗೆ ಬರಲಿಲ್ಲ. "ನಾರ್ಮಲ್ ಕಣೇ, ಟೆನ್ಷನ್ ಮಾಡ್ಕೋಬೇಡ," ಎಂದು ಬರೆದು, ಕೊನೆಗೊಂದು ನಗುವ ಮುಖವನ್ನೂ ಹಾಕಿದಳು. ಆ ನಗುವ ಮುಖಕ್ಕೆ ಅವಳಿಗೆ ಕ್ಷಮೆಯಿಲ್ಲ.

ಆಮೇಲೆ ಡಾಕ್ಟರಿಗೆ ಫೋನ್ ಮಾಡಿದಳು. ಸೀಸೆಯ ವಿಷಯ ಹೇಳಿಬಿಡಬೇಕೆಂದೇ ಮಾಡಿದ್ದು.

"ಮೇಡಂ, ಅನುಗೆ ಸ್ವಲ್ಪ ಜಾಸ್ತಿ ಕಪ್ಪಾಗಿದೆ."

"ಬಿಸಿಲಿಗೆ ಹೋಗಿರ್ತಾಳೆ ಬಿಡು," ಎಂದರು ಡಾಕ್ಟರ್. ಹಿಂದೆ ಮನೆ ತುಂಬ ಜನರ ಗದ್ದಲ ಕೇಳುತ್ತಿತ್ತು. "ಹೋಗ್ಬೇಡಿ ಅಂದ್ರೆ ಯಾರು ಕೇಳ್ತಾರೆ? ಕೇಳಿ ನೋಡು. ಸೋಮವಾರ ಬಂದು ನೋಡ್ತೀನಿ."

ಗಂಟಲವರೆಗೆ ಬಂದಿದ್ದ ಎಪ್ಪತ್ತು ಅಲ್ಲೇ ಸಿಕ್ಕಿಕೊಂಡಿತು. ಫೋನ್ ಇಟ್ಟ ಮೇಲೆ ಅವಳು ಡಾಕ್ಟರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. "ಬಿಸಿಲಿಗೆ ಏನಾದ್ರೂ ಹೋಗಿದ್ಯಾ?" ಎಂದು ಅನುವಿಗೆ ಬರೆದಳು.

ಬಹಳ ಹೊತ್ತಿನ ಮೇಲೆ "ಇಲ್ಲ ಅಕ್ಕಾ" ಎಂದು ಬಂತು. ಆಮೇಲೆ ಏನೂ ಬರಲಿಲ್ಲ.

ಭಾನುವಾರ ಬೆಳಗಿನಿಂದ ರಮ್ಯಶ್ರೀ ಮಹಾಲಕ್ಷ್ಮಿ ಲೇಔಟಿನ ತನ್ನ ಬಾಡಿಗೆ ಪೋರ್ಷನ್ನಿನಲ್ಲಿ ಒಬ್ಬಳೇ ಇದ್ದಳು. ಗಂಡ ಹಬ್ಬಕ್ಕೆಂದು ಊರಿಗೆ ಹೋದವನು ಇನ್ನೂ ಬಂದಿರಲಿಲ್ಲ. ಅಡುಗೆ ಮಾಡಲಿಲ್ಲ. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಕೂರಬೇಕೆನಿಸುತ್ತಿತ್ತು. ಕೆಳಗೆ ಯಾರದೋ ಗೇಟು ಕಿರ್ ಎಂದರೆ ಪೊಲೀಸರು ಬಂದರು ಎಂದುಕೊಂಡು ಕಿಟಕಿಯ ಪಕ್ಕ ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಸಂಜೆ ಐದರ ಹೊತ್ತಿಗೆ ಬ್ಯಾಗಿನಿಂದ ಏನನ್ನೋ ತೆಗೆಯಲು ಹೋಗಿ ಆ ಮುದ್ರಿತ ಚೀಟಿಗಳ ಕಟ್ಟು ಕೈಗೆ ಸಿಕ್ಕಿತು. ಸುಮ್ಮನೆ ಕಣ್ಣಾಡಿಸಿದಳು. ಕೊನೆಯ ಸಾಲು ಕಂಡಿತು: ಮೂರನೆಯ ರಾತ್ರಿಯಿಂದ ಎಂದಿನ ಕ್ರೀಮ್ ಮತ್ತೆ ಶುರುಮಾಡಿ.

ಶುಕ್ರವಾರ, ಶನಿವಾರ, ಭಾನುವಾರ. ಮೂರನೆಯ ರಾತ್ರಿ ಇವತ್ತೇ.

ಆ ಕ್ರೀಮ್ ಚರ್ಮ ಸುಲಿಸುವ ಕ್ರೀಮ್. ಹದವಾಗಿ ಸುಲಿದ ಮುಖಕ್ಕೆ ಅದು ಒಳ್ಳೆಯದು. ಸುಟ್ಟ ಮುಖಕ್ಕೆ ಹಚ್ಚಿದರೆ ಆರುತ್ತಿರುವ ಚರ್ಮ ಮತ್ತೆ ಕಿತ್ತುಬರುತ್ತದೆ, ಕಂದು ಇರುವುದು ಕರಿ ಗಾಯವಾಗುತ್ತದೆ, ಗಾಯ ಗುಳಿಯಾಗಿ ಜೀವಮಾನವಿಡೀ ಉಳಿಯುತ್ತದೆ. ನಾರ್ಮಲ್ ಎಂದವಳು ತಾನು. ಹೇಳಿದ್ದನ್ನೆಲ್ಲ ತಪ್ಪದೆ ಪಾಲಿಸುವ ಹುಡುಗಿ ಅದು. ರಾತ್ರಿ ಹಲ್ಲುಜ್ಜಿ, ಮುಖ ತೊಳೆದು, ಬಟಾಣಿ ಗಾತ್ರದ ಕ್ರೀಮ್ ತೆಗೆದುಕೊಂಡು ಹಚ್ಚೇ ಹಚ್ಚುತ್ತಾಳೆ.

ರಮ್ಯಶ್ರೀ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಮೆಸೇಜು ಕಳಿಸಿದರೆ ಒಂದೇ ಟಿಕ್ ಬಿತ್ತು, ಎರಡನೆಯದು ಬೀಳಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ ಭಾನುವಾರ ಮೊಬೈಲ್ ಆಫ್ ಮಾಡಿ ಇಡುತ್ತಾಳೆಯೆ? ಏನಾದರೂ ಮಾಡಿಕೊಂಡಿದ್ದರೆ? ಆ ಯೋಚನೆ ಬಂದದ್ದೇ, ಹಿಂದಿನ ಎರಡು ದಿನದ ಭಯಗಳೆಲ್ಲ ಚಿಲ್ಲರೆಯಾಗಿ ಕಂಡವು. ಮುಖಕ್ಕೆ ಬಣ್ಣವನ್ನೂ ಬಳಿಯದೆ, ಮೊಬೈಲಿನಲ್ಲಿದ್ದ ಕ್ಲಿನಿಕ್ಕಿನ ಪಟ್ಟಿಯಲ್ಲಿ ವಿಳಾಸ ನೋಡಿಕೊಂಡು ಸ್ಕೂಟರ್ ತೆಗೆದಳು.

ರಸ್ತೆಯ ತುಂಬ ಹಬ್ಬದಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಇನ್ನೂ ಬಿದ್ದಿದ್ದವು. ಹಾವನೂರು ಸರ್ಕಲ್ಲಿನ ಹತ್ತಿರ ಒಂದರ ಮೇಲೆ ಚಕ್ರ ಜಾರಿ ಬೀಳುವುದರಲ್ಲಿದ್ದಳು. ಹಿಂದೆ ಬರುತ್ತಿದ್ದವನು, "ನೋಡ್ಕೊಂಡು ಓಡ್ಸಿ ಮೇಡಂ!" ಎಂದು ಕೂಗಿ ಮುಂದೆ ಹೋದ. ವಿಜಯನಗರ ದಾಟುವ ಹೊತ್ತಿಗೆ ದೀಪ ಹಾಕುವ ಸಮಯ. ಪ್ರತಿ ಸಿಗ್ನಲ್ಲಿನಲ್ಲೂ ಅವಳಿಗೆ ಆ ಟ್ಯೂಬಿನ ಮುಚ್ಚಳ ತಿರುಗುತ್ತಿರುವಂತೆ ಕಾಣುತ್ತಿತ್ತು. ಈ ಹುಡುಗಿ ಬೇಗ ಮಲಗುವವಳಾಗಿದ್ದರೆ?

ಬಾಗಿಲು ತೆರೆದವರು ಅನುವಿನ ತಾಯಿ ಮುನಿಲಕ್ಷ್ಮಮ್ಮ. ಮೊದಲ ಸಿಟ್ಟಿಂಗಿಗೆ ಮಗಳ ಜೊತೆ ಬಂದಿದ್ದವರು, ಬಣ್ಣವಿಲ್ಲದ ಮುಖದ ಗುರುತು ಹಿಡಿಯಲು ಅವರಿಗೆ ಒಂದು ಕ್ಷಣ ಬೇಕಾಯಿತು.

"ನೀನಾ! ಬಾಮ್ಮ, ಬಾ. ಭಾನುವಾರದ ರಜಾನೂ ಬಿಟ್ಟು ನೋಡಕ್ಕೆ ಬಂದಿದೀಯಲ್ಲ, ನಿನ್ನಂಥೋರು ಯಾರಿದಾರೆ?"

"ಅನು ಎಲ್ಲಿ ಆಂಟಿ?"

"ಒಳಗೇ ಇದಾಳೆ. ರೂಮಿಂದ ಆಚೆ ಬಂದ್ರೆ ತಾನೆ?" ಮುನಿಲಕ್ಷ್ಮಮ್ಮನ ದನಿ ಏರಿತು, ಒಳಗಿನವಳಿಗೂ ಕೇಳಲಿ ಎನ್ನುವ ಹಾಗೆ. "ನೀನು ಅಷ್ಟು ಚೆನ್ನಾಗಿ ಮಾಡ್ಕೊಟ್ಟಿದ್ದೆ. ಚೀಟೀಲಿ ದಪ್ಪಕ್ಷರದಲ್ಲಿ ಬರ್ದಿದೆ ಬಿಸಿಲಿಗೆ ಹೋಗ್ಬೇಡಿ ಅಂತ. ಇವಳು ಶುಕ್ರವಾರ ಸಾಯಂಕಾಲ ತಾರಸಿ ಮೇಲೆ ಹೋಗಿದ್ಲಂತೆ, ಒಣಗಿದ ಬಟ್ಟೆ ತರಕ್ಕೆ. ಕೈಯಾರೆ ಹಾಳ್ ಮಾಡ್ಕೊಂಡ್ಲು. ನೀನೇ ನಾಕು ಬುದ್ಧಿ ಹೇಳು. ಕಾಫಿ ತರ್ತೀನಿ."

ಹುಡುಗಿ ಜೀವಂತ ಇದ್ದಾಳೆ ಎಂಬ ಸಮಾಧಾನದಲ್ಲಿ ರಮ್ಯಶ್ರೀ ಚಪ್ಪಲಿ ಬಿಟ್ಟು ಒಳಗೆ ಬಂದಳು. ಆಮೇಲೆ ಕೇಳಿದ್ದು ಮಾತ್ರ ನಿಧಾನವಾಗಿ ಮನಸ್ಸಿಗೆ ಇಳಿಯಿತು.

ಕೋಣೆಯಲ್ಲಿ ಪರದೆ ಎಳೆದಿತ್ತು. ಅನು ಮಂಚದ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಮೇಜಿನ ಮೇಲೆ ಚೀಟಿ, ಅದರ ಮೇಲೆ ಕ್ರೀಮಿನ ಟ್ಯೂಬು, ರಾತ್ರಿಗೆಂದು ತೆಗೆದಿಟ್ಟದ್ದು. ಮುಚ್ಚಳ ಹಾಕಿಯೇ ಇತ್ತು. ರಮ್ಯಶ್ರೀ ಮೊದಲು ಅದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ಅನುವಿನ ಮುಖ ನೋಡಿದಳು. ಫೋಟೋದಲ್ಲಿ ಇದ್ದದ್ದಕ್ಕಿಂತ ಕೆಟ್ಟದಾಗಿತ್ತು. ಕಂದು ಒಣಗಿ ಬಿರಿದಿತ್ತು, ಬಿರಿದ ಅಂಚಿನಲ್ಲಿ ನೀರು ಜಿನುಗುತ್ತಿತ್ತು.

ಇವಳು ಬಾಯಿ ತೆರೆಯುವ ಮೊದಲೇ ಅನು ಶುರುಮಾಡಿದಳು.

"ಸಾರಿ ಅಕ್ಕಾ. ನಿಮ್ಗೆ ಸುಳ್ಳು ಹೇಳ್ದೆ. ನೀವು ಬಿಸಿಲಿಗೆ ಹೋಗಿದ್ಯಾ ಅಂತ ಕೇಳಿದ್ರಲ್ಲ, ಹೋಗಿದ್ದೆ. ಐದೂವರೆಗೆ. ಬಿಸಿಲು ಇರ್ಲಿಲ್ಲ ಅಂದ್ಕೊಂಡೆ. ಹತ್ತು ನಿಮಿಷಾನೂ ಇಲ್ಲ ಅಕ್ಕಾ, ದೇವ್ರಾಣೆ. ನೀವು ಬೈತೀರ ಅಂತ ಫೋನ್ ಆಫ್ ಮಾಡಿಟ್ಟೆ. ನನ್ ಮುಖ ನಾನೇ ಹಾಳ್ ಮಾಡ್ಕೊಂಡೆ."

ರಮ್ಯಶ್ರೀ ಮಂಚದ ಅಂಚಿನಲ್ಲಿ ಕೂತಳು. ಅವಳು ಹೇಳಬೇಕೆಂದು ಬಂದಿದ್ದ ಮಾತಿನ ಅಗತ್ಯವೇ ಇರಲಿಲ್ಲ ಈಗ. ಈ ಹುಡುಗಿಯೇ ಅಪರಾಧ ಒಪ್ಪಿಕೊಂಡಿದ್ದಾಳೆ. ಇವಳ ತಾಯಿಯೇ ಸಾಕ್ಷಿ. ಕ್ರೀಮ್ ಹಚ್ಚಬೇಡ ಎಂದು ಹೇಳಿ, ಟ್ಯೂಬನ್ನು ಬ್ಯಾಗಿಗೆ ಹಾಕಿಕೊಂಡು, ಕಾಫಿ ಕುಡಿದು ಎದ್ದರಾಯಿತು. ಪೊಲೀಸರಿಲ್ಲ, ಜಗಳವಿಲ್ಲ, ಕೆಲಸಕ್ಕೆ ಕುತ್ತಿಲ್ಲ. ನಾಳೆ ಡಾಕ್ಟರ್ ಬಂದು ಬಿಸಿಲಿನ ಸುಡುವಿಕೆ ಎಂದು ಏನೋ ಬರೆದುಕೊಡುತ್ತಾರೆ. ಎಷ್ಟು ಆಳಕ್ಕೆ ಸುಟ್ಟಿದೆ ಎಂದು ತಿಳಿಯದೆ ಬರೆದದ್ದು ಎಷ್ಟು ಕೆಲಸ ಮಾಡುತ್ತದೋ ಅಷ್ಟು ಮಾಡುತ್ತದೆ. ಮುಂದೆ ಅನು ಇನ್ನೂ ನಲವತ್ತು ಐವತ್ತು ವರ್ಷ ಕನ್ನಡಿ ನೋಡಿಕೊಂಡಾಗಲೆಲ್ಲ, ಆ ಹತ್ತು ನಿಮಿಷ ತಾರಸಿಗೆ ಹೋಗದಿದ್ದರೆ ಎಂದುಕೊಳ್ಳುತ್ತಾಳೆ, ಅಷ್ಟೆ.

ಈ ಕೊನೆಯ ಯೋಚನೆಯನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಹೆದರಿಕೆ ಹೋಗಿತ್ತು ಎಂದಲ್ಲ.

"ನಿನ್ನ ತಪ್ಪೇನಿಲ್ಲ ಅನು," ಎಂದಳು. ದನಿ ತನ್ನದಲ್ಲ ಅನ್ನಿಸಿತು. "ಐದೂವರೆ ಬಿಸಿಲಿಗೆ ಹಿಂಗಾಗಲ್ಲ. ನಾನು ತಪ್ಪು ಸೀಸೆ ತಗೊಂಡೆ. ನಿಂಗೆ ಹಾಕ್ಬೇಕಾಗಿದ್ದು ಮೂವತ್ತೈದರದು. ಹಾಕಿದ್ದು ಎಪ್ಪತ್ತರದು. ನಂಬರ್ ನೋಡ್ಲಿಲ್ಲ. ನೀನು ಉರಿ ಏಳು ಅಂದಾಗ್ಲೂ ನಾನು ತಮಾಷೆ ಮಾಡ್ದೆ. ನೀನು ಮನೆಗೆ ಹೊರಡೋ ಮೊದ್ಲೇ ಗೊತ್ತಾಯ್ತು ನಂಗೆ. ನಾರ್ಮಲ್ ಅಂತ ಬರ್ದಾಗ್ಲೂ ಗೊತ್ತಿತ್ತು."

ಅನು ಮೊಣಕಾಲು ಬಿಟ್ಟಳು. ಅಡುಗೆಮನೆಯಲ್ಲಿ ಲೋಟಕ್ಕೆ ಕಾಫಿ ಎತ್ತಿ ಹೊಯ್ಯುವ ಸದ್ದು ಕೇಳುತ್ತಿತ್ತು.

"ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು," ರಮ್ಯಶ್ರೀ ಮುಂದುವರಿಸಿದಳು. "ಸುಟ್ಟಿರೋದಕ್ಕೆ ಅಂತ್ಲೇ ಔಷಧಿ ಕೊಡ್ತಾರೆ. ಎಷ್ಟು ಸ್ಟ್ರಾಂಗು, ಎಷ್ಟು ಹೊತ್ತು ಇತ್ತು ಅಂತ ಅವರಿಗೆ ಗೊತ್ತಾಗ್ಬೇಕು. ನಾನೂ ಬರ್ತೀನಿ."

"ಅಮ್ಮನಿಗೆ ಹೇಳಿ," ಎಂದಳು ಅನು.

"ಹೇಳ್ತೀನಿ."

"ಈಗ್ಲೇ ಹೇಳಿ. ಬಿಸಿಲಲ್ಲ ಅಂತ ಹೇಳಿ. ನಾನು ಹೇಳಿದ್ರೆ ಅವಳು ನಂಬಲ್ಲ." ಅವಳು ಅಳಲಿಲ್ಲ, ಕಣ್ಣೀರು ಕೆನ್ನೆಗೆ ಇಳಿದರೆ ಉರಿಯುತ್ತದೆಂದು ಎರಡು ದಿನದಲ್ಲಿ ಕಲಿತಿದ್ದಳು.

ಮುನಿಲಕ್ಷ್ಮಮ್ಮ ಲೋಟ ಹಿಡಿದು ಬಂದರು. ರಮ್ಯಶ್ರೀ ಎದ್ದು ನಿಂತು ಎಲ್ಲವನ್ನೂ ಎರಡನೆಯ ಸಲ ಹೇಳಿದಳು. ಎರಡನೆಯ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಮುನಿಲಕ್ಷ್ಮಮ್ಮ ಲೋಟವನ್ನು ಮೇಜಿನ ಮೇಲಿಟ್ಟರು. ಹೊಡೆಯುತ್ತಾರೆ ಎಂದು ರಮ್ಯಶ್ರೀ ಕಣ್ಣು ಮುಚ್ಚಿದಳು. ತೆರೆದಾಗ ಅವರು ಮಗಳ ಮುಂದೆ ಕೂತಿದ್ದರು. ಕೆನ್ನೆ ಸವರಲು ಚಾಚಿದ ಕೈ ಅರ್ಧದಲ್ಲೇ ನಿಂತಿತ್ತು, ಮುಟ್ಟುವುದಕ್ಕೆ ಅಲ್ಲಿ ಜಾಗವಿರಲಿಲ್ಲ.

"ಆಸಿಡ್ಡಾ?" ಎಂದರು, ರಮ್ಯಶ್ರೀಯ ಕಡೆ ತಿರುಗದೆ.

"ಹೂಂ ಆಂಟಿ."

"ನಿನ್ನೆಯಿಂದ ನಾನಿವಳಿಗೆ ಏನೇನು ಅಂದಿದೀನಿ ಗೊತ್ತಾ ನಿಂಗೆ? ಈ ಮುಖ ಇಟ್ಕೊಂಡು ಎಲ್ಲಿಗೆ ಹೋಗ್ತೀಯ ಅಂದೆ. ನನ್ ಬಾಯಲ್ಲಿ ಅನ್ನಿಸ್ಬಿಟ್ಯಲ್ಲ ನೀನು." ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು. "ನಡಿ. ಆಟೋ ಕರಿ. ಡಾಕ್ಟ್ರ ಮುಂದೆ ನೀನೇ ಹೇಳ್ಬೇಕು, ಇದೇ ಥರ, ಒಂದೂ ಬಿಡ್ದೆ."

ಮೂವರೂ ಒಂದೇ ಆಟೋದಲ್ಲಿ ಹೊರಟರು. ಮುನಿಲಕ್ಷ್ಮಮ್ಮ ಒಂದು ಕಡೆ, ರಮ್ಯಶ್ರೀ ಇನ್ನೊಂದು ಕಡೆ, ಗಾಳಿ ತಾಗದಿರಲೆಂದು ಅನು ನಡುವೆ. ದಾರಿಯಲ್ಲೇ ರಮ್ಯಶ್ರೀ ಡಾಕ್ಟರ್ ಹೇಮಶ್ರೀಗೆ ಫೋನ್ ಹಚ್ಚಿ ಹೇಳಿದಳು. ಅವರು ಯಾವ ಆಸ್ಪತ್ರೆ ಎಂದು ಕೇಳಿಕೊಂಡು, ಅಲ್ಲಿನ ಡ್ಯೂಟಿ ಡಾಕ್ಟರ್ ಜೊತೆ ತಾನೇ ಮಾತಾಡುತ್ತೇನೆ ಎಂದರು. "ನೀನು ನಾಳೆ ಕ್ಲಿನಿಕ್ಕಿಗೆ ಬರ್ಬೇಡ," ಎಂದೂ ಹೇಳಿ ಇಟ್ಟರು.

ಆಟೋ ಸಿಗ್ನಲ್ಲಿಗೆ ನಿಂತಿತು. ಪಕ್ಕದ ಬೈಕಿನವನು ಒಳಗೆ ಬಗ್ಗಿ ನೋಡಿ, ಅನುವಿನ ಮುಖ ಕಂಡು, ಥಟ್ಟನೆ ಬೇರೆ ಕಡೆ ತಿರುಗಿದ. ಅನು ಅದನ್ನು ನೋಡಿದಳು.

"ಅಕ್ಕಾ, ಇದು ಹೋಗುತ್ತಾ?"

ಐದು ವರ್ಷದಲ್ಲಿ ಸಾವಿರ ಸಲ ರಮ್ಯಶ್ರೀ ಈ ಪ್ರಶ್ನೆ ಕೇಳಿಸಿಕೊಂಡಿದ್ದಳು. ಹೋಗುತ್ತೆ, ಖಂಡಿತಾ ಹೋಗುತ್ತೆ ಎನ್ನುವುದು ಆ ಕೆಲಸದ ಮೊದಲ ಪಾಠ. ಬಾಯಿ ಅದಕ್ಕೆ ಸಿದ್ಧವಾಗಿಯೂ ಇತ್ತು.

"ಗೊತ್ತಿಲ್ಲ ಅನು."

ಹಸಿರು ದೀಪ ಬಿತ್ತು. ಆಟೋ ಎಳೆದುಕೊಂಡು ಹೊರಟಿತು.

"ನಿಮ್ಗೂ ಭಯ ಆಗ್ತಿದ್ಯಾ?" ಎಂದಳು ಅನು.

"ಹೂಂ. ಶುಕ್ರವಾರದಿಂದ."

ಅನು ಮುಂದಿನ ರಸ್ತೆಯನ್ನೇ ನೋಡುತ್ತ ಕೂತಳು.

"ನಾನೊಬ್ಳೇ ಅಂದ್ಕೊಂಡಿದ್ದೆ," ಎಂದಳು.